ಅಂಬಾಸಿಡರ್ ಶೆಟ್ರು

ಪಡುಬಿದ್ರಿಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಯಾವ ಊರಲ್ಲಿ ಇಳಿದರೂ ಒಬ್ಬ ಅಂಬಾಸಿಡರ್ ಶೆಟ್ರು ಸಿಗುತ್ತಾರೆ. ಕೆಲವು ಕಡೆ ಅವರು ಭಟ್ರು, ಕೆಲವು ಕಡೆ ಪ್ರಭುಗಳು, ಇನ್ನು ಕೆಲವು ಕಡೆ ಡಿಸೋಜರು. ಕಾರು ಮಾತ್ರ ಅದೇ. ನಮ್ಮ ನಂದಿಕೂರಿನ ಶೆಟ್ರನ್ನು ಮುಖ ನೋಡಿ ಗುರುತು ಹಿಡಿಯುವವರು ಕಡಿಮೆ. ಹೆಚ್ಚಿನವರಿಗೆ ಪರಿಚಯವಿರುವುದು ಕಾರಿನಡಿಯಿಂದ ಹೊರಗೆ ಚಾಚಿದ ಎರಡು ಪಾದಗಳು. ಮದುವೆಗೆ ಕರೆಯಲು ಬಂದವರು ಆ ಪಾದಗಳ ಹತ್ತಿರವೇ ಕಾಗದ ಇಟ್ಟು, "ಬರಲೇಬೇಕು ಆಯ್ತಾ" ಎಂದು ಪಾದಗಳಿಗೇ ಹೇಳಿ ಹೋಗುತ್ತಾರೆ. ಹೆಬ್ಬೆರಳು ಅಲ್ಲಾಡಿದರೆ ಒಪ್ಪಿದರು ಎಂದು ಲೆಕ್ಕ.

ಈಚೆಗಿನ ಕಾಯಿಲೆ ಹಿಂದಿನ ಡಿಫರೆನ್ಷಿಯಲ್‌ನದು. ಕ್ಲಚ್ ಬಿಟ್ಟ ಕೂಡಲೇ ಅಡಿಯಿಂದ 'ಟಣ್' ಎನ್ನುತ್ತದೆ. ನಿಲ್ಲಿಸಿದಲ್ಲೆಲ್ಲ ಎಣ್ಣೆಯ ರಂಗೋಲಿ. "ಸೋರ್ತಾ ಉಂಟಲ್ಲ ಶೆಟ್ರೇ" ಎಂದವನಿಗೆ ಅವತ್ತು ಚಹಾ ಇಲ್ಲ. "ಸೋರುದಲ್ಲ ಮಾರಾಯಾ, ಸ್ವಲ್ಪ ಬೆವರುದು. ಈ ಸೆಕೆಗೆ ನೀನು ಬೆವರುದಿಲ್ವಾ?" ಆ ಬೆವರು ಹಿಡಿಯಲು ಒಂದು ಬೋಗುಣಿ. ಅದು ಚಾವಡಿಯ ಹಂಚು ಸೋರುವ ಜಾಗದಲ್ಲಿ ಮನೆಯವರು ಇಟ್ಟದ್ದು. ಆಟಿ ತಿಂಗಳ ಮಳೆಯಲ್ಲಿ ಅದನ್ನು ಎತ್ತಿಕೊಂಡು ಹೋದಾಗ ಶೆಟ್ರು ಹೇಳಿದ ಕಾರಣ ಇಷ್ಟೇ: "ನೀರು ಮೇಲಿಂದ ಪುಕ್ಕಟೆ ಬರ್ತದೆ. 90 ನಂಬರಿನ ಗೇರ್ ಆಯಿಲ್ ಹಾಗೆ ಬರ್ತದಾ?"

ಡಿಫರೆನ್ಷಿಯಲ್ ಅಂದರೆ ಎಂತದ್ದು ಎಂದು ಅಪ್ಪಿತಪ್ಪಿ ಕೇಳಿದವರನ್ನು ಅವರು ಸೀದಾ ಕಂಬಳಕ್ಕೆ ಕರೆದೊಯ್ಯುತ್ತಾರೆ. "ನಮ್ಮ ಅಡ್ವೆಯ ಕೋಟಿ-ಚೆನ್ನಯ ಜೋಡುಕರೆ ನೋಡಿದ್ದೀರಲ್ಲ? ಕರೆ ನೇರ ಉಂಟು, ಎರಡು ಕೋಣವೂ ಸಮ ಓಡ್ತವೆ. ಅದೇ ಕರೆ ಬಗ್ಗಿದ್ದರೆ? ಒಳಗಿನ ಕೋಣಕ್ಕೆ ದಾರಿ ಕಡಿಮೆ, ಹೊರಗಿನದ್ದಕ್ಕೆ ಜಾಸ್ತಿ. ಒಂದೇ ನೊಗದಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿ ಓಡ್ಬೇಕು. ಆ ನೊಗವೇ ಡಿಫರೆನ್ಷಿಯಲ್." ಇದಕ್ಕಿಂತ ಚೆಂದದ ವಿವರಣೆ ನಾನಂತೂ ಯಾವ ಪುಸ್ತಕದಲ್ಲೂ ಕಂಡಿಲ್ಲ. ಪಡ್ಡೆ ಹುಡುಗನೊಬ್ಬ ಮಾತ್ರ "ನೊಗ ಬೆವರ್ತದಾ ಶೆಟ್ರೇ?" ಎಂದು ಕೇಳಿ ಚಹಾ ಕಳೆದುಕೊಂಡ.

ವಂಶಾವಳಿಯಂತೂ ಬಾಯಿಪಾಠ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಸಂತಾನ. ಕೋಲ್ಕತ್ತಾ ಹತ್ತಿರದ ಉತ್ತರಪಾರಾದಲ್ಲಿ 1958ರಿಂದ 2014ರವರೆಗೆ ಹುಟ್ಟುತ್ತಲೇ ಇತ್ತು. 2017ರಲ್ಲಿ ಫ್ರಾನ್ಸಿನ ಪ್ಯೂಜೊ ಕಂಪನಿ ಅಂಬಾಸಿಡರ್ ಎಂಬ ಹೆಸರನ್ನು 80 ಕೋಟಿ ರೂಪಾಯಿಗೆ ಕೊಂಡಿತೆಂಬ ಸುದ್ದಿ ಬಂದ ದಿನ ಶೆಟ್ರು ಪೇಪರು ಹಿಡಿದುಕೊಂಡೇ ಪೇಟೆಗೆ ಬಂದಿದ್ದರು. "ಬರೀ ಹೆಸರಿಗೆ 80 ಕೋಟಿ. ನನ್ನ ಹತ್ತಿರ ಹೆಸರಿನೊಟ್ಟಿಗೆ ನಾಲ್ಕು ಚಕ್ರವೂ ಉಂಟು." ಮುಂಬೈಯಲ್ಲಿರುವ ಮಗ ಮಾತ್ರ ಪ್ರತಿ ಆದಿತ್ಯವಾರ ಫೋನಿನಲ್ಲಿ ಒಂದೇ ರಾಗ ಹಾಡುತ್ತಾನೆ: "ಅಪ್ಪ, ಅದನ್ನು ಮಾರಿಬಿಡಿ." ಇವರದ್ದೂ ಒಂದೇ ಉತ್ತರ: "ಹಾಳಾದ ಕಾರನ್ನು ಇನ್ನೊಬ್ಬನ ತಲೆಗೆ ಕಟ್ಟಿ ಪಾಪ ಕಟ್ಟಿಕೊಳ್ಳಬೇಕಾ?"

ಬೆಂಗಳೂರಿನ ಮದುವೆಗಳಿಗೆ ಅವರು ತಪ್ಪದೆ ಹೋಗುತ್ತಾರೆ. ಧಾರೆ ಆಗುವ ಹೊತ್ತಿಗೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಲ್ಲಿರುತ್ತಾರೆ, ಊಟದ ಹೊತ್ತಿಗೆ ಕಿಸೆಯಲ್ಲಿ ಪಿನಿಯನ್ ಆಯಿಲ್ ಸೀಲ್ ಸಮೇತ ಪಂಕ್ತಿಯಲ್ಲಿ. ಪಾದದ ಬುಡದಲ್ಲಿ ಇಟ್ಟುಹೋದ ಮದುವೆ ಕಾಗದಗಳೂ ವ್ಯರ್ಥವಾಗುವುದಿಲ್ಲ. ಒಳ್ಳೆ ದಪ್ಪ ಕಾಗದವಾದರೆ ಕತ್ತರಿಸಿ ಹೌಸಿಂಗಿಗೆ ಗ್ಯಾಸ್ಕೆಟ್ ಮಾಡುತ್ತಾರೆ. ಹಾಗಾಗಿ ನಮ್ಮೂರಿನ ಎಷ್ಟೋ ವಧೂವರರ ಹೆಸರು ಈಗ ಎಣ್ಣೆಯಲ್ಲಿ ಮುಳುಗಿ ಬೆಳ್ಮಣ್ಣಿಗೆ ಹೋಗಿ ಬರುತ್ತಿದೆ.

ಹೀಗೆ ಗ್ಯಾಸ್ಕೆಟ್ ಬದಲಾದರೂ ಬೆವರು ನಿಲ್ಲಲಿಲ್ಲ. ಸಂಜೆಯ ಪಂಚಾಯಿತಿಕೆಯಲ್ಲಿ ಒಬ್ಬರು ಕ್ರೌನ್ ಹೋಗಿದೆ ಎಂದರು, ಇನ್ನೊಬ್ಬರು ಬೇರಿಂಗ್ ಎಂದರು, ಮೂರನೆಯವರು ಕಾರಿಗೆ ದೃಷ್ಟಿಯಾಗಿದೆ ಎಂದರು. ಕ್ರೌನ್ ಮತ್ತು ಪಿನಿಯನ್ ಒಂದಕ್ಕೊಂದು ಹಲ್ಲು ಸವೆದು ಹೊಂದಿಕೊಂಡ ಜೋಡಿ. ಹಾಕುವುದಾದರೆ ಎರಡನ್ನೂ ಒಟ್ಟಿಗೇ ಹಾಕಬೇಕು. ಖರ್ಚು ಕೇಳಿದ ಮನೆಯವರು ಅಷ್ಟರಲ್ಲಿ ಮಾಡಿನ ಹಂಚು ಪೂರ್ತಿ ಬದಲಾಯಿಸಬಹುದು ಎಂದು ತೋರಿಸಿಕೊಟ್ಟರು. ಶೆಟ್ರಿಗೆ ಆ ಲೆಕ್ಕ ಕೇಳಿಸಲಿಲ್ಲ. ಅಂಗಳದಾಚೆ ಕೊಂಕಣ ರೈಲು ಹೋದರೂ ಕೇಳದ ಕಿವಿ ಅದು. ಹಿಂದಿನ ಆ್ಯಕ್ಸಲ್ಲಿನ 'ಕುಂಯ್' ಮಾತ್ರ ನಿದ್ದೆಯಲ್ಲೂ ಕೇಳುತ್ತದೆ.

ಕೊನೆಗೆ ಪಡುಬಿದ್ರಿಯಿಂದ ಒಬ್ಬ ಹಳೆ ಮೆಕ್ಯಾನಿಕ್ ಬಂದ. ಮಾತಿಲ್ಲದ ಮನುಷ್ಯ. ಚಕ್ರ ಎತ್ತಿ ಅಲ್ಲಾಡಿಸಿದ, ಆ್ಯಕ್ಸಲ್ ಮೇಲೆ ಬೆರಳಾಡಿಸಿದ, ಒಂದು ತಂತಿ ಕೇಳಿದ. ಹೌಸಿಂಗಿನ ಮೇಲಿರುವ ಉಸಿರುಗಂಡಿಗೆ ಕೆಂಪು ಮಣ್ಣು ಮೆತ್ತಿ ಸಿಮೆಂಟಾಗಿತ್ತು. ಓಡುವಾಗ ಬಿಸಿಯಾಗಿ ಹಿಗ್ಗಿದ ಗಾಳಿಗೆ ದಾರಿ ಇಲ್ಲದೆ, ಅದು ಸೀಲಿನ ಸಂದಿಯಿಂದ ಎಣ್ಣೆಯನ್ನೇ ಹೊರಗೆ ತಳ್ಳುತ್ತಿತ್ತು. ಎಷ್ಟು ಗ್ಯಾಸ್ಕೆಟ್ ಹಾಕಿದರೇನು, ಊರಿನ ಎಲ್ಲ ಮದುವೆ ಕಾಗದ ತಂದರೇನು! ಮಣ್ಣು ಕುಕ್ಕಿ ತೆಗೆದು, ಗಟ್ಟಿಯಾಗಿ ಹೋಗಿದ್ದ ಪಿನಿಯನ್ ಸೀಲ್ ಕಿತ್ತು, ಜೆ.ಸಿ. ರಸ್ತೆಯದ್ದನ್ನು ಕೂರಿಸಿದ. ನಟ್ಟು ಮೊದಲು ಎಲ್ಲಿತ್ತೆಂದು ಗುರುತು ಮಾಡಿಕೊಂಡು ಅಲ್ಲಿಗೇ ಬಿಗಿದ. ಹೆಚ್ಚು ಬಿಗಿದರೆ ಬೇರಿಂಗ್ ಹೋದೀತು. 'ಟಣ್' ಎನ್ನುತ್ತಿದ್ದದ್ದಂತೂ ಡಿಫರೆನ್ಷಿಯಲ್ಲೇ ಅಲ್ಲ. ಆ್ಯಕ್ಸಲನ್ನು ಪಟ್ಟಾ ಸ್ಪ್ರಿಂಗಿಗೆ ಹಿಡಿದಿಡುವ ಯು-ಬೋಲ್ಟ್ ಸಡಿಲಾಗಿ ಇಡೀ ಆ್ಯಕ್ಸಲ್ಲೇ ಜಾಗ ಬಿಟ್ಟು ಕುಣಿಯುತ್ತಿತ್ತು. ಚಹಾ ಆರುವುದರೊಳಗೆ ಅದೂ ಆಯಿತು.

ಮೆಕ್ಯಾನಿಕ್ ಗೇಟು ದಾಟುವ ಮೊದಲೇ ಮನೆಯವರು ಬೋಗುಣಿ ತಿಕ್ಕಿ ಒಳಗೆ ಕೊಂಡುಹೋದರು. ಶೆಟ್ರು ಕಾರಿನ ಸುತ್ತ ಮೂರು ಸುತ್ತು ಬಂದು, ನೆಲ ನೋಡಿ, ಏನೂ ಕಾಣದೆ, ಪೆಚ್ಚಾಗಿ ಜಗಲಿಯಲ್ಲಿ ಕುಳಿತರು. ಸಂಜೆ ಬಂದವರಿಗೆ ಹೇಳಲು ವಿಷಯವಿರಲಿಲ್ಲ. ಅವತ್ತು ಮೊದಲ ಬಾರಿ ಅವರ ಮುಖ ಕಂಡ ಕೆಲವರು "ಇವರು ಯಾರು?" ಎಂದು ಕೇಳಿದರಂತೆ.

ಆದಿತ್ಯವಾರ ಫೋನು ಬಂತು. ಮಗನಿಗೆ ಸುದ್ದಿ ಮುಟ್ಟಿತ್ತು.

"ಅಪ್ಪ, ಹೇಗೂ ಸರಿಯಾಯ್ತಲ್ಲ. ಈಗ ಕೊಟ್ಟರೆ ಪಾಪವೂ ಇಲ್ಲ, ಒಳ್ಳೆ ರೇಟೂ ಸಿಗ್ತದೆ. ಮಾರಿಬಿಡಿ."

"ನಿನಗೆಂತ ಮರುಳಾ?" ಎಂದರು ಶೆಟ್ರು. "ಸರಿ ಇರುವ ಕಾರನ್ನು ಯಾರಾದರೂ ಮಾರ್ತಾರಾ?"