ಹುರುಪುಭೇದ ನಿರ್ಣಯ

ವಿಷಯ: ಕೆಲಸದಲ್ಲಿ ಹುರುಪು. ಅಧಿಕಾರಿ: ಎಚ್‌ಆರ್ ವಿಭಾಗದವರು. ಸಂಬಂಧ: ಅಷ್ಟಕ್ಕಷ್ಟೆ. ಪ್ರಯೋಜನ: ತಮಿಳುನಾಡಿನ ಕೆಲಮಂಗಲದಲ್ಲಿ ಬೆಳಗಿನ ಜಾವ ಕಂಪನಿ ಬಸ್ಸಿಗೆ ಕಾಯುವವರನ್ನು ಕಂಡೊಡನೆ ಯಾರು ಯಾವ ಪಂಗಡ ಎಂದು ಹೇಳಬಲ್ಲ ಜ್ಞಾನ.

ಕ್ಷೇತ್ರವನ್ನು ಕುರಿತು ಎರಡು ಮಾತು. ಇಲ್ಲಿ ಮನೆಯಲ್ಲಿ ಕನ್ನಡವೋ ತೆಲುಗೋ, ಕಚೇರಿಯಲ್ಲಿ ತಮಿಳು. ಒಂದು ದಿಕ್ಕಿಗೆ ಹೊಸೂರು, ಅಲ್ಲಿ ಟಿವಿಎಸ್ಸು, ಲೇಲ್ಯಾಂಡು, ಟೈಟನ್ನು. ಊರಿನ ಪಕ್ಕದಲ್ಲೇ ಫೋನಿನ ಕವಚ ಮಾಡುವ ಟಾಟಾ ಕಾರ್ಖಾನೆ. ಮಿಕ್ಕ ದಿಕ್ಕುಗಳಿಗೆಲ್ಲ ಗುಲಾಬಿ, ಟೊಮೆಟೊ, ಕೋಸು, ರಾಗಿ.

ದುಡ್ಡೊಂದೇ ಹುರುಪಿನ ಮೂಲ ಎಂಬುದು ಪೂರ್ವಪಕ್ಷ. ಇದಕ್ಕೆ ಸ್ಥಳೀಯ ಪ್ರಮಾಣವೂ ಉಂಟು. 1799ರ ಮಾರ್ಚಿನಲ್ಲಿ ಬ್ರಿಟಿಷ್ ಜನರಲ್ ಹ್ಯಾರಿಸನ ದಂಡು ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಹೋಗುವಾಗ ಕೆಲಮಂಗಲದ ಬಳಿ ಡೇರೆ ಹೊಡೆದಿತ್ತು. ಮೇ 4ರಂದು ಕೋಟೆ ಬಿದ್ದ ಮೇಲೆ ಲೂಟಿಯನ್ನು ಹುದ್ದೆಯ ಪ್ರಕಾರ ಹಂಚಿದರು: ಹ್ಯಾರಿಸನಿಗೆ ಲಕ್ಷಕ್ಕೂ ಮೀರಿದ ಪೌಂಡು, ಸಿಪಾಯಿಗೆ ಬೆರಳಲ್ಲಿ ಎಣಿಸುವಷ್ಟು. ಇನ್ಸೆಂಟಿವ್ ಸ್ಕೀಮಿನ ಆಕಾರ ಅಲ್ಲಿಂದೀಚೆಗೆ ಬಹಳ ಬದಲಾದಂತಿಲ್ಲ.

ಸಿದ್ಧಾಂತದ ಪ್ರಕಾರ ಪಂಗಡಗಳು ಐದು. ಮೊದಲ ಪಂಗಡ ಓಟಿಜೀವಿ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದಲೂ ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಕೂಲಿ. ಈ ಜೀವಿಗೆ ಅಷ್ಟು ಶಾಸ್ತ್ರ ಸಾಕು. ಬೈಕಿನ ಕಂತು ತೀರಿದ ತಿಂಗಳು ಇದರ ಹುರುಪೂ ತೀರುತ್ತದೆ. ಮುಂದಿನ ಬೈಕಿನವರೆಗೆ ಇದರ ವಿಷಯ ಬೇಡ.

ಎರಡನೆಯದು ಬೋನಸ್‌ನಿರೀಕ್ಷಕ. ಇಲ್ಲಿ ತಡೆದು ನಿಲ್ಲಬೇಕು, ಮಿದುಳು ಕಾಣಿಸಿಕೊಳ್ಳುವುದು ಇಲ್ಲೇ. ವೋಲ್‌ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳಿಗೆ ಹಣ್ಣಿನ ರಸ ಕೊಟ್ಟು, ಮಿದುಳಿನ ಡೋಪಮೈನ್ ಕೋಶಗಳ ಮಿಡಿತಕ್ಕೆ ಕಿವಿಗೊಟ್ಟ. ಮೊದಮೊದಲು ರಸ ಬಾಯಿಗೆ ಬಿದ್ದಾಗ ಕೋಶಗಳು ಎದ್ದು ಕೂಗಿದವು. ದೀಪ ಹತ್ತಿದರೆ ರಸ ಬರುತ್ತದೆ ಎಂದು ಕೋತಿ ಕಲಿತ ಮೇಲೆ ದೀಪಕ್ಕೇ ಕೂಗಿದವು. ರಸ ಬಂದಾಗ ಸುಮ್ಮನಿದ್ದವು. ದೀಪ ಹತ್ತಿಯೂ ರಸ ಬಾರದಿದ್ದರೆ, ಸರಿಯಾಗಿ ಅದು ಬರಬೇಕಾದ ಗಳಿಗೆಯಲ್ಲಿ, ಮಾಮೂಲಿ ಮಿಡಿತವೂ ಕುಸಿಯಿತು. ದಯಾನ್, ಮಾಂಟೆಗ್ಯೂ ಎಂಬವರ ಜೊತೆ ಸೇರಿ 1997ರಲ್ಲಿ ಇದಕ್ಕೊಂದು ಲೆಕ್ಕಾಚಾರವನ್ನೇ ಬರೆದರು: ಈ ಕೋಶಗಳು ಗಮನಿಸುವುದು ಬಹುಮಾನವನ್ನಲ್ಲ, ಎಣಿಸಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು.

ಈಗ ಬೋನಸ್ ಕಾನೂನು ತೆಗೆಯಿರಿ. ಸಂಬಳದ ಕನಿಷ್ಠ ಶೇ 8.33. ದೀಪಾವಳಿಗೆ ಅದು ಬಂದರೆ, ಬರಬೇಕಾದ್ದೇ ಬಂತು. ಯಾರ ಮಿದುಳೂ ಮಿಸುಕುವುದಿಲ್ಲ. ಆಯುಧ ಪೂಜೆಯ ಸ್ವೀಟ್ ಬಾಕ್ಸು ಅರ್ಧ ಕೆಜಿಯಿಂದ ಕಾಲು ಕೆಜಿಗೆ ಇಳಿದರೆ ಮಾತ್ರ ಬೂದಗುಂಬಳ ಒಡೆಯುವ ಮುಂಚೆಯೇ ಲೈನ್ ಪೂರ್ತಿ ಗುಸುಗುಸು. ಸಂಬಳ, ಕ್ಯಾಂಟೀನು, ಮೇಲಧಿಕಾರಿ ಕೆಟ್ಟರೆ ಮುನಿಸು, ಸರಿಯಿದ್ದರೆ ಹುರುಪೇನೂ ಇಲ್ಲ ಎಂದು ಮನೋವಿಜ್ಞಾನಿ ಹರ್ಜ್‌ಬರ್ಗ್ 1959ರಲ್ಲೇ ಹೇಳಿದ್ದ. ಸಾಂಬಾರು ನೀರಾದರೆ ಜಗಳ ನಿಜ. ಗಟ್ಟಿಯಾಯಿತೆಂದು ಇನ್ನೆರಡು ಬೋಲ್ಟು ಬಿಗಿ ಮಾಡಿದವರುಂಟೇ?

ಶಭಾಷ್‌ಜೀವಿ ಮೂರನೆಯದು. ಹೊಗಳಿಕೆ ಯಾವ ಭಾಷೆಯಲ್ಲಿ ಎಂಬುದರ ಮೇಲೆ ಉಪಭೇದ. ಸೂಪರ್‌ವೈಸರ್ ಎಲ್ಲರಿಗೂ ಹಂಚುವ ತಮಿಳಿನ ‘ಸೂಪರ್ಮಾ’ ಸಂಬಳದ ಲೆಕ್ಕಕ್ಕೆ ಸೇರಿದ್ದು. ಅಪರೂಪಕ್ಕೆ ಪಕ್ಕ ಬಂದು ಕನ್ನಡದಲ್ಲಿ ‘ಚೆನ್ನಾಗ್ ಮಾಡಿದ್ದೀಯಮ್ಮ’ ಎಂದರೆ ಆ ಶಿಫ್ಟಿಗೆ ಸಾಕು.

ನಾಲ್ಕನೆಯ ಪಂಗಡ ಕಾರ್ಖಾನೆಯ ಹೊರಗಿನದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಗಹನ: ಟೊಮೆಟೊಜೀವಿ. ಹೋದ ಸಲ ಬೆಲೆ ಬಿದ್ದು ಹಣ್ಣನ್ನು ರಸ್ತೆಗೆ ಸುರಿದವನೇ ಈ ಸಲ ಮತ್ತೆ ನಾಟಿ ಹಾಕುತ್ತಾನೆ. ಇವನಿಗೆ ಪಿಎಫ್ ಇಲ್ಲ, ಟಾರ್ಗೆಟ್ ಇಲ್ಲ, ರಜೆಯಂತೂ ಇಲ್ಲವೇ ಇಲ್ಲ. ಬಹುಮಾನ ಯಾವಾಗ ಬರುತ್ತದೋ ಗೊತ್ತಿಲ್ಲದಿದ್ದರೆ ಪ್ರಾಣಿ ಬಿಡದೆ ಗುಂಡಿ ಕುಕ್ಕುತ್ತದೆ ಎಂದು ಮನೋವಿಜ್ಞಾನಿ ಸ್ಕಿನ್ನರ್ ಪಾರಿವಾಳಗಳಲ್ಲಿ ತೋರಿಸಿದ್ದ. ಮಾರ್ಕೆಟ್ಟು ಅದನ್ನು ಇವನ ಮೇಲೆ ತೋರಿಸುತ್ತಿದೆ. ಗುಲಾಬಿಯವನು ಇದರ ಒಂದು ಉಪಭೇದ. ಅವನ ದೀಪ ಫೆಬ್ರವರಿ 14ಕ್ಕೆ ಹತ್ತುತ್ತದೆ. ಬಿಸಿಲೇರುವ ಮುಂಚೆ ಮೊಗ್ಗಿಗೆ ಬಲೆಯ ಟೋಪಿ, ಇಪ್ಪತ್ತಕ್ಕೊಂದು ಕಟ್ಟು, ಮೇಲೆ ರಟ್ಟು ಸುತ್ತಿ ವ್ಯಾನಿಗೆ. ಆ ಬೆಳಿಗ್ಗೆ ಬೆಲೆ ಎಷ್ಟೆಂಬುದು ಬೇರೆಯವರ ಬಾಯಲ್ಲಿ.

ಐದನೆಯದು ಬಿಟ್ಟಿಜೀವಿ. ಲೈನಿನಲ್ಲಿ ಆಕಳಿಸುವ ಹುಡುಗ ಮನೆ ಹಿತ್ತಲಲ್ಲಿ ಗುಲಾಬಿಗೆ ಕಣ್ಣು ಕಸಿ ಕಟ್ಟುತ್ತ ಊಟ ಮರೆಯುತ್ತಾನೆ. ಇಂಥವನಿಗೆ ಕಸಿಗಿಷ್ಟು ಎಂದು ಕಾಸು ಕೊಡಲು ಹೋಗಬೇಡಿ. ಡೆಸಿ ಎಂಬ ಮನೋವಿಜ್ಞಾನಿ 1971ರಲ್ಲಿ ವಿದ್ಯಾರ್ಥಿಗಳಿಗೆ ಒಗಟಿನ ತುಂಡುಗಳನ್ನು ಕೊಟ್ಟು, ಕೆಲವರಿಗೆ ಜೋಡಿಸಿದ್ದಕ್ಕೆ ದುಡ್ಡೂ ಕೊಟ್ಟ. ದುಡ್ಡು ನಿಂತ ಮೇಲೆ ಅವರು ಬಿಡುವಿನಲ್ಲಿ ಆ ತುಂಡುಗಳನ್ನು ಮುಟ್ಟುವುದೇ ಕಡಿಮೆಯಾಯಿತು.

ಆಕ್ಷೇಪ: ಒಬ್ಬಳೇ ಹೆಂಗಸು ನಸುಕಿನಲ್ಲಿ ಅಪ್ಪನ ಜೊತೆ ಮೊಗ್ಗಿಗೆ ಟೋಪಿ ಹಾಕಿ, ಹಗಲಿಡೀ ಲೈನಿನಲ್ಲಿ ನಿಂತು, ಸಂಜೆ ಓಟಿಗೂ ಹೆಸರು ಕೊಟ್ಟರೆ ಯಾವ ಪಂಗಡ? ಸಮಾಧಾನ: ಆ ಹೊತ್ತಿಗೆ ಎಲ್ಲಿ ನಿಂತಿದ್ದಾಳೋ ಆ ಪಂಗಡ. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದವರನ್ನು ಹೊಸೂರು ಬರುವವರೆಗೆ ಎಬ್ಬಿಸಿ ಕೇಳುವಂತಿಲ್ಲ.