ಆರಡಿ ತೋಟದ ಯಜಮಾನರು

ಥಾಣೆಯ ವರ್ತಕ ನಗರದ ಯಾವ ಹೌಸಿಂಗ್ ಸೊಸೈಟಿಯ ಕೆಳಗೆ ನಿಂತು ತಲೆ ಎತ್ತಿದರೂ ಒಂದಲ್ಲ ಒಂದು ಗ್ರಿಲ್ಲಿನೊಳಗೆ ಅವರು ಕಾಣಸಿಗುತ್ತಾರೆ. ಮೈಮೇಲೆ ಬನಿಯನ್, ಎತ್ತಿ ಕಟ್ಟಿದ ಲುಂಗಿ, ಕೈಯಲ್ಲಿ ಮುಚ್ಚಳಕ್ಕೆ ತೂತು ಕೊರೆದ ನೀರಿನ ಬಾಟಲಿ. ಬ್ಯಾಂಕಿನಿಂದಲೋ ಹೋಟೆಲಿನ ಗಲ್ಲಾಪೆಟ್ಟಿಗೆಯಿಂದಲೋ ನಿವೃತ್ತರಾದವರು. ಊರು ಕಾಪು–ಕುಂದಾಪುರದ ನಡುವೆ ಎಲ್ಲೋ. ಬಿಲ್ಡಿಂಗಿನ ಮಕ್ಕಳಿಗೆ ‘ಝಾಡ್‌ವಾಲೆ ಆಜೋಬಾ’, ಕನ್ನಡದವರಿಗೆ ‘ತೋಟದ ಯಜಮಾನರು’. ತೋಟವೆಂದರೆ ಆರಡಿ ಉದ್ದ, ಎರಡಡಿ ಅಗಲ.

ಸರ್ಕಾರಿ ವಸತಿ ಮಂಡಳಿ ಮ್ಹಾಡಾದ ಹಳೇ ಕಟ್ಟಡಗಳ ಕಾಲದಲ್ಲಿ ಕೆಳಗೆ ನಿಜವಾದ ಮಣ್ಣಿತ್ತು. ಬಾಳೆ, ನುಗ್ಗೆ, ಕರಿಬೇವು ನೆಟ್ಟವರು ಯಾರೆಂದು ಯಾರೂ ಕೇಳುತ್ತಿರಲಿಲ್ಲ. ರಿಡೆವಲಪ್‌ಮೆಂಟ್ ಬಂತು, ಟವರ್ ಎದ್ದಿತು, ಮಣ್ಣಿದ್ದಲ್ಲಿ ಪೇವರ್ ಬ್ಲಾಕ್ ಕೂತಿತು. ಈಗ ಕೆಂಪು ಮಣ್ಣೂ ಘೋಡ್‌ಬಂದರ್ ರಸ್ತೆಯ ನರ್ಸರಿಯಿಂದ ದುಡ್ಡು ಕೊಟ್ಟು ಚೀಲದಲ್ಲಿ ತರಬೇಕು. ಗಿಡಗಳು ಮಾತ್ರ ಊರಿನವೇ. ಶಂಕರಪುರದ ಮಲ್ಲಿಗೆ, ಬಸಳೆ ಬಳ್ಳಿ, ಒಂದೆಲಗ, ಅರಿಶಿನದ ಗಡ್ಡೆ, ಎಲ್ಲವೂ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನ ಬರ್ತಿನ ಕೆಳಗೆ ಮಲಗಿ, ಬೆಳಕು ಹರಿಯುವ ಹೊತ್ತಿಗೆ ಥಾಣೆ ಸ್ಟೇಷನ್ನಿನಲ್ಲಿ ಇಳಿದವು. ಹಲಸಿನ ಹಪ್ಪಳದ ಕಟ್ಟು ಮರೆತು ಬಂದ ಸಲವೂ ಮಲ್ಲಿಗೆಯ ತುಂಡನ್ನು ಮರೆತದ್ದಿಲ್ಲ.

ಸೇವೆಯಲ್ಲಿದ್ದಷ್ಟು ಕಾಲ ಯಜಮಾನರು ಗಡಿಯಾರದ ಮನುಷ್ಯ. 1853ರಲ್ಲಿ ಬೋರಿಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಬಂದು ನಿಂತ ಊರಿದು. ಇಲ್ಲಿಯವರಿಗೆ ಅರ್ಧ ನಿಮಿಷವೂ ಲೆಕ್ಕಕ್ಕುಂಟು. ಫಾಸ್ಟ್ ಲೋಕಲ್ ಎರಡು ನಿಮಿಷ ತಡವಾದರೆ ರೈಲ್ವೆ ಸಚಿವರ ಕುಲಗೋತ್ರ ಜಾಲಾಡುತ್ತಿದ್ದ ಅದೇ ವ್ಯಕ್ತಿ, ನಿವೃತ್ತಿಯಾದ ಮರುವಾರವೇ ಕೊತ್ತಂಬರಿ ಬಿತ್ತಿ ಮಾರನೆಯ ಬೆಳಿಗ್ಗೆ ಮಣ್ಣು ಕೆದಕಿ ನೋಡಿದರು. ಮೂರನೆಯ ದಿನ ಬೀಜ ಕೊಟ್ಟ ಕಿರಾಣಿಯವನ ಮೇಲೆ ಹರಿಹಾಯ್ದರು. ಕೊತ್ತಂಬರಿ ‘ಬೀಜ’ ಅನ್ನುವುದು ಅಸಲಿಗೆ ಎರಡು ಬೀಜಗಳಿರುವ ಒಣಗಿದ ಕಾಯಿ, ಅದನ್ನು ಮೆಲ್ಲಗೆ ಒಡೆದು ಬಿತ್ತಬೇಕು, ಒಡೆದರೂ ವಾರದಿಂದ ಎರಡು ವಾರ ಬೇಕು ಎಂದು ನರ್ಸರಿಯ ಮಾಳಿ ತಿಳಿಹೇಳಿದ ಮೇಲೆ ಕೆದಕುವುದು ನಿಂತಿತು. ಕೂತು ನೋಡುವುದು ಶುರುವಾಯಿತು.

ವರ್ಷದ ಕೊನೆ ಅವರಿಗೆ ಪರೀಕ್ಷೆಯ ಕಾಲ. ಡಿಸೆಂಬರಿನ ಚಳಿಗೆ ಬಸಳೆ ಮುನಿಸಿಕೊಳ್ಳುತ್ತದೆ, ಕರಿಬೇವು ಚಿಗುರು ನಿಲ್ಲಿಸುತ್ತದೆ, ದಾಸವಾಳದ ತುದಿಗೆ ಬಿಳಿ ಹಿಟ್ಟುತಿಗಣೆ ಕೂರುತ್ತದೆ. ಮಲ್ಲಿಗೆಗಂತೂ ಹೆಚ್ಚುಕಮ್ಮಿ ರಜೆ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ ಗಿಡ ಸವರಿದರೆ ಬೇಸಿಗೆಗೆ ಹೂ ತುಂಬುತ್ತದೆ ಎಂಬುದು ಕೃಷಿಯವರ ಸಲಹೆ. ಯಜಮಾನರು ಕತ್ತರಿ ಹಿಡಿಯುತ್ತಾರೆ, ಒಂದು ಟೊಂಗೆಗೆ ತಾಗಿಸುತ್ತಾರೆ, “ಇದರಲ್ಲಿ ಒಂದು ಮೊಗ್ಗು ಉಂಟಲ್ಲ” ಎನ್ನುತ್ತಾರೆ, ಕತ್ತರಿ ಕೆಳಗಿಡುತ್ತಾರೆ.

ಸರಿಯಾಗಿ ಆಗಲೇ ಊರಿನಿಂದ ನಾದಿನಿಯ ಫೋನು. ಚಳಿಗೆ ಹೂ ಕಡಿಮೆಯಾಗಿ ಮದುವೆ, ಕೋಲ, ಜಾತ್ರೆಗಳು ಶುರುವಾಗುವ ಈ ಸಮಯದಲ್ಲೇ ಉಡುಪಿ ಮಲ್ಲಿಗೆಯ ದರ ಆಕಾಶಕ್ಕೇರುವುದು. “ಅಟ್ಟೆಗೆ ಎಷ್ಟಾಗಿದೆ ಗೊತ್ತುಂಟಾ ಭಾವ? ನಿಮ್ಮದು ಹೇಗುಂಟು?” ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಯಜಮಾನರು ಬ್ಯಾಂಕಿನ ಅಭ್ಯಾಸದಂತೆ ಲೆಕ್ಕ ಹಾಕುತ್ತಾರೆ. ದಿನಕ್ಕೆ ಐದು ಹೂವಿನಂತೆ 3,200 ಹೂವಿಗೆ 640 ದಿನ.

“ಅಷ್ಟರಲ್ಲಿ ಮೊದಲ ದಿನದ ಐದು ಹೂ ಏನಾಗಿರುತ್ತದೆ ಮಾರಾಯ್ರೆ?” ಎಂದು ಮನೆಯಾಕೆ ಅಡುಗೆಮನೆಯಿಂದಲೇ ಕೇಳುತ್ತಾರೆ.

ತೋಟ ಚಿಕ್ಕದಾದರೂ ವ್ಯಾಜ್ಯ ದೊಡ್ಡದು. ತೊಟ್ಟಿಕ್ಕುವ ನೀರು ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಯ ಮೇಲೆ ಬೀಳುತ್ತದೆ. ಬಸಳೆ ಗ್ರಿಲ್ ಹಿಡಿದು ಮೇಲಿನ ಮನೆಗೆ ಹತ್ತಿದೆ. ಬೇರು ಇವರದು, ಎಲೆ ಅವರ ಸರಹದ್ದಿನಲ್ಲಿ. ಅವರು ಅದನ್ನು ಮಾಯಾಳೂ ಎಂದು ಕರೆದು ಭಜಿ ಕರಿದು, ಒಂದು ತಟ್ಟೆ ಕೆಳಗೂ ಕಳಿಸುತ್ತಾರೆ. ತಮ್ಮದೇ ಎಲೆಯನ್ನು ಉಡುಗೊರೆಯಾಗಿ ಪಡೆದ ಸಂಕಟ ಯಜಮಾನರಿಗೆ. ಇನ್ನು ಮಾರ್ಗಶಿರದ ಗುರುವಾರ ಬಂತೆಂದರೆ ಬೆಳಿಗ್ಗೆಯಿಂದಲೇ ಬೆಲ್ಲು. ಮರಾಠಿ ಮನೆಗಳಲ್ಲಿ ಮಹಾಲಕ್ಷ್ಮಿ ವ್ರತ, ಕಲಶಕ್ಕೆ ಐದು ಬಗೆಯ ಎಲೆ ಬೇಕು. “ಕಾಕಾ, ದೋನ್ ಪಾನ ದ್ಯಾ ನಾ.” ದೇವರ ಹೆಸರು ಬಂದ ಮೇಲೆ ಇಲ್ಲ ಎನ್ನುವಂತಿಲ್ಲ. ಆದರೆ ಕತ್ತರಿ ಅವರ ಕೈಗೆ ಕೊಡುವುದಿಲ್ಲ. ತಾವೇ ನಿಂತು, ಹಣ್ಣಾದ ಎಲೆ ಯಾವುದೆಂದು ಹುಡುಕಿ ಹುಡುಕಿ ಕೊಡುತ್ತಾರೆ.

ಇಷ್ಟೆಲ್ಲದರಿಂದ ಅವರಿಗೆ ತಾಳ್ಮೆ ಬಂದಿದೆ ಎಂಬುದು ವರ್ತಕ ನಗರದ ಕನ್ನಡಿಗರ ಪ್ರಬಲ ನಂಬಿಕೆ. ಬಂದಿದೆ, ಸುಳ್ಳಲ್ಲ. ಆದರೆ ಅದು ಕುಂಡದ ಅಂಚು ದಾಟಿ ಹೊರಗೆ ಬಂದಿಲ್ಲ. ಕೊತ್ತಂಬರಿಗೆ ಹದಿನೈದು ದಿನ ಕಾಯುವವರು ಲಿಫ್ಟಿಗೆ ಹದಿನೈದು ಸೆಕೆಂಡು ಕಾಯುವುದಿಲ್ಲ. ಗುಂಡಿ ಒತ್ತುತ್ತಲೇ ಇರುತ್ತಾರೆ. ತಿಂಗಳುಗಟ್ಟಲೆ ಕಾಯ್ದು ಗೊಬ್ಬರ ಮಾಡುವವರಿಗೆ ಕುಕ್ಕರಿನ ಮೂರನೆಯ ಸೀಟಿಯವರೆಗೆ ತಡೆಯುವುದಿಲ್ಲ. ಹಿಟ್ಟುತಿಗಣೆಯನ್ನು ಬೇವಿನೆಣ್ಣೆಯ ನೀರಿನಿಂದ ಮಗುವಿನ ಮುಖ ಒರೆಸುವಷ್ಟು ನಯವಾಗಿ ಒರೆಸಿ ಬಂದವರು, ಮಗ ಫೋನ್ ಎತ್ತುವುದು ಎರಡು ರಿಂಗ್ ತಡವಾದರೆ ಆಸ್ತಿಪತ್ರದ ಮಾತೆತ್ತುತ್ತಾರೆ.

ಈ ಸಲದ ವರ್ಷಾಂತ್ಯದ ರಾದ್ಧಾಂತಕ್ಕೆ ಕಾರಣ ಒಂದು ಪಾಯಿನ್‌ಸೆಟಿಯಾ. ಹೋದ ಕ್ರಿಸ್‌ಮಸ್ಸಿಗೆ ಸೊಸೆ ತಂದಾಗ ಮೇಲೆಲ್ಲ ಕೆಂಪು. ಯಜಮಾನರು ಅದನ್ನು ಬಂಟರ ಪೈಕಿಯವನೆಂದೇ ಬಗೆದು ‘ಪಾಯಿನ್ ಶೆಟ್ಟಿ’ ಎಂದು ಕರೆದರು. ಶೆಟ್ಟಿ ವರ್ಷವಿಡೀ ಹುಲುಸಾಗಿ ಬೆಳೆದ, ನವೆಂಬರ್ ಬಂದರೂ ಕೆಂಪಾಗಲಿಲ್ಲ. ಮೊಮ್ಮಗಳು ಓದಿ ಹೇಳಿದಳು: ಕೆಲವು ಗಿಡಗಳು ಹಗಲು–ರಾತ್ರಿಯ ಉದ್ದ ಅಳೆದು ಹೂಬಿಡುತ್ತವೆ. ಇದನ್ನು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು, ಹೂವೇ ಬಿಡದೆ ಎತ್ತರಕ್ಕೆ ಬೆಳೆಯುತ್ತಿದ್ದ ಒಂದು ತಂಬಾಕಿನ ತಳಿಯನ್ನು ದಿನಾ ಹೊತ್ತಿಗೆ ಮುಂಚೆ ಕತ್ತಲೆಗೆ ನೂಕಿ ತೋರಿಸಿಕೊಟ್ಟರು. ಸೇವಂತಿಗೆ, ಪಾಯಿನ್‌ಸೆಟಿಯಾ ಎರಡೂ ಉದ್ದನೆಯ ರಾತ್ರಿ ಬೇಡುವ ಇದೇ ಜಾತಿಯವು. ಥಾಣೆಯಲ್ಲಿ ಡಿಸೆಂಬರಿನ ರಾತ್ರಿ ಹದಿಮೂರು ಗಂಟೆಯಷ್ಟು ಉದ್ದ, ಅಷ್ಟು ಸಾಕಿತ್ತು. ಆದರೆ ಕಿಟಕಿಯ ನೇರಕ್ಕೆ ಸೊಸೈಟಿಯ ಹ್ಯಾಲೊಜೆನ್. ಶೆಟ್ಟಿಯ ಪಾಲಿಗೆ ರಾತ್ರಿಯೇ ಆಗಿಲ್ಲ.

ಯಜಮಾನರು ಸೆಕ್ರೆಟರಿಗೆ ಅರ್ಜಿ ಬರೆದರು. ‘ಗಿಡಕ್ಕೆ ನಿದ್ದೆ ಬರುತ್ತಿಲ್ಲವಾದ್ದರಿಂದ ರಾತ್ರಿ ದೀಪ ಆರಿಸತಕ್ಕದ್ದು.’ ಸೆಕ್ರೆಟರಿ ಎರಡು ಸಲ ಓದಿ, “ಕಾಕಾ, ಚೋರಿ ಝಾಲಿ ತರ್?” ಎಂದರು. ಕಳ್ಳರಿಗೂ ಹೂವಿಗೂ ನಡುವೆ ಕಳ್ಳರೇ ಗೆದ್ದರು. ಉಳಿದದ್ದು ವಾಷಿಂಗ್ ಮಶಿನ್ನಿನ ರಟ್ಟಿನ ಪೆಟ್ಟಿಗೆ. ಸಂಜೆ ಐದಕ್ಕೆ ಮುಚ್ಚುವುದು, ಬೆಳಿಗ್ಗೆ ಏಳಕ್ಕೆ ತೆಗೆಯುವುದು, ಹೀಗೆ ಸುಮಾರು ಎಂಟು ವಾರ. ಡಿಸೆಂಬರ್ ಮಧ್ಯದವರೆಗೆ ವ್ರತ ಸುಸೂತ್ರವಾಗಿ ನಡೆಯಿತು. ಅಷ್ಟರಲ್ಲಿ ಮನೆಯಾಕೆ ವರ್ಷದ ಕೊನೆಯ ರದ್ದಿಯ ಜೊತೆ ಪೆಟ್ಟಿಗೆಯನ್ನೂ ತೂಕಕ್ಕೆ ಹಾಕಿಬಿಟ್ಟರು.

ಅಂದಿನಿಂದ ಶೆಟ್ಟಿಯ ವಾಸ್ತವ್ಯ ಕಿಟಕಿಗೆ ಕಾಗದ ಅಂಟಿಸಿದ ಬಾತ್‌ರೂಮಿನಲ್ಲಿ. ಸಂಜೆ ಐದರ ಮೇಲೆ ಅಲ್ಲಿ ಲೈಟು ಹಾಕುವಂತಿಲ್ಲ. ಡಿಸೆಂಬರ್ 31ಕ್ಕೆ ಡೊಂಬಿವಲಿಯಿಂದ ಮಗಳು–ಅಳಿಯ ಬಂದರು. ಲೋಕಲ್ ಹತ್ತಿ ಬೆವರಿದ ಅಳಿಯ ಟವೆಲ್ ಹಿಡಿದು ಒಳಹೊಕ್ಕು, ಸ್ವಿಚ್ಚು ಒತ್ತಿದರೆ ಬಲ್ಬೇ ಇಲ್ಲ. ಕಾಲಿಗೆ ಏನೋ ಎಲೆ ತಾಗಿ ಕೂಗಿಕೊಂಡರು.

“ಹೊಸ ವರ್ಷಕ್ಕಾದರೂ ಬಲ್ಬು ಹಾಕಿ, ಇವರೇ” ಎಂದರು ಮನೆಯಾಕೆ.

“ಇನ್ನು ಮೂರೇ ವಾರ” ಎಂದರು ಯಜಮಾನರು ಬಾಗಿಲ ಹೊರಗೆ ನಿಂತು. “ಅಳಿಯಂದ್ರೇ, ಬಲಗಡೆ ಬಕೆಟ್, ಎಡಗಡೆ ಶೆಟ್ಟಿ. ಸೋಪಿನ ನೀರು ಎಡಗಡೆ ಹಾರಿಸಬೇಡಿ.”