ಟ್ರಿಣ್ ಟ್ರಿಣ್ ಎಂದ ಕೊಲೆಗಾರ

ನನ್ನ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತದೆ, ಗುಟ್ಟು ನಿಲ್ಲುವುದಿಲ್ಲ. ಇಂಥವನು ಸಸ್ಪೆನ್ಸ್ ನಾಟಕದ ತಂಟೆಗೆ ಹೋಗಬಾರದು. ಹೋದೆ.

ಮೊಬೈಲ್ ಇಲ್ಲದ ಕಾಲ. ನಮ್ಮ ಬಡಾವಣೆಯ ಗಣೇಶೋತ್ಸವದಲ್ಲಿ ವರ್ಷ ವರ್ಷವೂ ಹರಿಶ್ಚಂದ್ರನನ್ನು ಸ್ಮಶಾನಕ್ಕೆ ಕಳಿಸಿ ಬೇಸತ್ತಿದ್ದೆವು. ಈ ಸಲ ‘ಡಯಲ್ ಎಂ ಫಾರ್ ಮರ್ಡರ್’ ಆಡೋಣ, ಕನ್ನಡಕ್ಕೆ ನಾನೇ ತರುತ್ತೇನೆ ಎಂದೆ. ಹೆಸರಿನಲ್ಲೇ ಮುಗ್ಗರಿಸಿದೆ. ಲಂಡನ್ನಿನ ಹಳೆಯ ಫೋನುಗಳ ಡಯಲ್ ಮೇಲೆ ಅಂಕಿಗಳ ಜೊತೆ ಅಕ್ಷರಗಳೂ ಇರುತ್ತಿದ್ದವು. ಮೇಡಾ ವೇಲ್ ಕಡೆಗೆ ಫೋನ್ ಮಾಡಬೇಕಾದರೆ ಮೊದಲು ‘ಎಂ’ ತಿರುಗಿಸಬೇಕು. ನಾನು ‘ಕೊಲೆಗೆ ಕ ತಿರುಗಿಸಿ’ ಎಂದು ಬರೆದುಕೊಟ್ಟೆ. “ಕ ತಿರುಗಿಸಿದ್ರೆ ಕಡ್ಲೆಪುರಿ ಅಂಗಡಿಗೆ ಹೋಗಲ್ವಾ ಸಾರ್?” ಎಂದರು ಖಜಾಂಚಿ. ಆದರೂ ಅದೇ ಹೆಸರು ಉಳಿಯಿತು, ಬ್ಯಾನರ್ ಬರೆಸಿಯಾಗಿತ್ತು.

ಪಾತ್ರ ಹಂಚುವಾಗ ನನಗೆ ಬಾಡಿಗೆ ಕೊಲೆಗಾರನದು ಸಿಕ್ಕಿತು. ಮಾತು ಕಡಿಮೆ, ಬೇಗ ಸಾಯುತ್ತಾನೆ. ಮಾತು ಕಡಿಮೆಯಾದ ದುಃಖಕ್ಕೆ, ಪರದೆ ಏಳುವ ಮುಂಚೆ ‘ಎರಡು ಮಾತು’ ಆಡಲು ಮೈಕ್ ಹಿಡಿದೆ.

ಫ್ರೆಡರಿಕ್ ನಾಟ್ ಬರೆದ ಈ ನಾಟಕವನ್ನು ಲಂಡನ್ನಿನ ರಂಗಭೂಮಿಯ ನಿರ್ಮಾಪಕರು ಒಬ್ಬರಾದ ಮೇಲೊಬ್ಬರು ಬೇಡವೆಂದದ್ದನ್ನು ಹೇಳಿದೆ. ಕೊನೆಗೆ ಕೈಹಿಡಿದದ್ದು ಬಿಬಿಸಿ ಟೆಲಿವಿಷನ್, 1952ರ ಮಾರ್ಚ್ 23ರ ಭಾನುವಾರ. ಆಗ ಟಿವಿ ನಾಟಕವೆಂದರೆ ನೇರ ಪ್ರಸಾರ. ಮಾತು ಮರೆತರೆ ಇಡೀ ದೇಶದ ಮುಂದೆ ಮರೆತ ಹಾಗೆ. ಮರುಪ್ರಸಾರ ಬೇಕಿದ್ದರೆ ನಟರನ್ನು ಮತ್ತೆ ಕರೆಸಿ ಇನ್ನೊಮ್ಮೆ ಆಡಿಸುತ್ತಿದ್ದರು. ಟಿವಿಯಲ್ಲಿ ನೋಡಿದವರು ಮೆಚ್ಚಿದ್ದೇ ತಡ, ಮುಚ್ಚಿದ್ದ ಬಾಗಿಲು ತೆರೆಯಿತು: ಅದೇ ಜೂನ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್ ಥಿಯೇಟರ್, ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್. ಅಲ್ಲಿ 552 ಪ್ರದರ್ಶನ. 1954ರಲ್ಲಿ ಹಿಚ್‌ಕಾಕ್ ಸಿನಿಮಾ, ಅದೂ ತ್ರೀ-ಡಿ. ನಾಟ್ ರಂಗಭೂಮಿಗೆ ಬರೆದದ್ದು ಕೆಲವೇ ನಾಟಕ ಎಂದೂ ಸೇರಿಸಿದೆ. (ನಾನು ಒಂದು ಗಣೇಶೋತ್ಸವಕ್ಕೇ ಮೂರು ಬರೆದವನು; ಇದನ್ನೂ ಹೇಳಿದೆ.)

ಮುಂದಿನ ಸಾಲಿನಲ್ಲಿ ಅತ್ತೆಯವರು ಆಕಳಿಸಿದರು. ಆಗ ನಾನು ಕೆಟ್ಟೆ. “ಈ ನಾಟಕದ ಮಜಾ ಏನಪ್ಪಾ ಅಂದ್ರೆ, ಕೊಲೆ ಮಾಡಿಸುವವನು ಗಂಡನೇ ಅಂತ ಮೊದಲೇ ತಿಳಿದಿರುತ್ತೆ. ಕೊನೇವರೆಗೂ ಗೊತ್ತಾಗದೇ ಇರೋದು ಬೀಗದ ಕೈ ವಿಚಾರ. ಗಂಡ ಮೆಟ್ಟಿಲ ಜಮಖಾನದ ಕೆಳಗೆ ಮನೆ ಕೀ ಇಟ್ಟಿರ್ತಾನೆ. ಕೊಲೆಗಾರ ಅದರಲ್ಲಿ ಬಾಗಿಲು ತೆಗೆದು, ವಾಪಸ್ ಅಲ್ಲೇ ಇಟ್ಟುಬಿಡ್ತಾನೆ! ಅವನು ಸತ್ತ ಮೇಲೆ ಜೇಬಲ್ಲಿ ಸಿಗೋದು ಅವನ ಸ್ವಂತ ಮನೆ ಕೀ! ಗಂಡ ಅದನ್ನೇ ತನ್ನ ಮನೇದು ಅಂದ್ಕೊಂಡು ಹೆಂಡತಿ ಪರ್ಸಿಗೆ ಹಾಕಿ ಸಿಕ್ಕಿಬೀಳ್ತಾನೆ!”

ಸಭೆ ಚಪ್ಪಾಳೆ ತಟ್ಟಿತು. ಪಕ್ಕದಲ್ಲಿ ನಿರ್ದೇಶಕರು ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಕಾಲು ಭಾಗ ಜನ ಎದ್ದು ಮನೆಗೆ ಹೋದರು.

ಕೊಲೆಯ ದೃಶ್ಯ ಬಂತು. ನಾನು ಪರದೆಯ ಹಿಂದೆ. ಗಂಡ ಹೊರಗಿನಿಂದ ಫೋನ್ ಮಾಡಬೇಕು, ಹೆಂಡತಿ ಎದ್ದು ಬಂದು ರಿಸೀವರ್ ಎತ್ತಬೇಕು, ನಾನು ಹಿಂದಿನಿಂದ ಕುತ್ತಿಗೆಗೆ ಶಾಲು ಬಿಗಿಯಬೇಕು. ಗಂಡ ನಂಬರ್ ತಿರುಗಿಸಿದ. ಗಂಟೆ ಬಾರಿಸಲಿಲ್ಲ. ಇನ್ನೊಮ್ಮೆ ತಿರುಗಿಸಿದ. ಊಹೂಂ. ಪಾಪ, ಬೆವರೊರೆಸಿಕೊಂಡು “ಛೇ, ನನ್ನ ವಾಚು ನಿಂತುಹೋಗಿದೆ” ಎಂದ. ಅದು ಮೂಲ ನಾಟಕದಲ್ಲೇ ಇರುವ ಸಂಗತಿ, ಆದರೆ ಆ ಮಾತು ಆಗಲೇ ಒಮ್ಮೆ ಮುಗಿದಿತ್ತು. ಹೆಂಡತಿ ಮಗ್ಗುಲು ಬದಲಿಸಿದರು. ಯಾವುದೋ ಮಗು “ಅಮ್ಮಾ, ಅಲ್ಲಿ ಅಂಕಲ್ ಕಾಲು!” ಎಂದಿತು. ಕಾಲು ಒಳಗೆಳೆದುಕೊಂಡೆ. ಎಷ್ಟು ಹೊತ್ತೆಂದು ನಿಲ್ಲುವುದು? ಮೂಗು ಹಿಡಿದುಕೊಂಡು, ಪರದೆಯ ಹಿಂದಿನಿಂದ ನಾನೇ ಕೂಗಿದೆ: “ಟ್ರಿಣ್ ಟ್ರಿಣ್! ಟ್ರಿಣ್ ಟ್ರಿಣ್!”

ಆ ನಗು ನಿಲ್ಲುವವರೆಗೂ ನಾಯಕಿಗೆ ನನ್ನ ಬೆನ್ನಿಗೆ ಕತ್ತರಿ ಹಾಕಲು ಆಗಲಿಲ್ಲ. ಸಾಯಲು ಅಷ್ಟು ಆತುರಪಟ್ಟವನು ನಾನೊಬ್ಬನೇ ಇರಬೇಕು.

ಗಂಟೆ ಬಾರಿಸಬೇಕಿದ್ದ ಹುಡುಗನನ್ನು ಆಮೇಲೆ ಹಿಡಿದೆ. ಕೈಯಲ್ಲಿ ಉಸಲಿಯ ದೊನ್ನೆ. “ಕಥೆಯೆಲ್ಲಾ ನೀವೇ ಹೇಳಿಬಿಟ್ರಲ್ಲ ಅಂಕಲ್, ಅದಕ್ಕೇ ಪ್ರಸಾದ ಖಾಲಿಯಾಗೋ ಮುಂಚೆ ಹೋಗಿದ್ದೆ” ಎಂದ. ಬೈಯಲು ಬಾಯಿ ಬರಲಿಲ್ಲ. ವಿಮರ್ಶೆ ಬರೆದದ್ದು ಅತ್ತೆಯವರೊಬ್ಬರೇ, ಅದೂ ಬಾಯಲ್ಲಿ: “ನಾಟಕ ಏನೋ ಗೊತ್ತಿಲ್ಲಪ್ಪಾ, ಫೋನ್ ಮಾತ್ರ ಬಹಳ ಚೆನ್ನಾಗಿ ಮಾಡಿದ್ರಿ.”

ರಾತ್ರಿ ಹನ್ನೆರಡಕ್ಕೆ ನಾನು, ನನ್ನಾಕೆ ಮನೆ ಮುಟ್ಟಿದೆವು. ಜೇಬಿಗೆ ಕೈಹಾಕಿದೆ. ಖಾಲಿ. ಆಗ ಹೊಳೆಯಿತು: ಕೊಲೆಗಾರನ ಸ್ವಂತ ಮನೆ ಕೀ ಅಲ್ಲವೇ, ಅಭಿನಯ ಸಹಜವಾಗಿರಲಿ ಎಂದು ನಮ್ಮ ಮನೆಯದನ್ನೇ ಜೇಬಿನಲ್ಲಿಟ್ಟುಕೊಂಡು ಸತ್ತಿದ್ದೆ. ಗಂಡ ಅದನ್ನು ನಿಯತ್ತಾಗಿ ನಾಯಕಿಯ ಪರ್ಸಿಗೆ ಹಾಕಿದ್ದ. ಕೊನೆಯ ದೃಶ್ಯಕ್ಕೆ ಇನ್‌ಸ್ಪೆಕ್ಟರ್ ತೋರಿಸಿದ್ದು ಇನ್ನಾರದೋ ಸ್ಕೂಟರ್ ಕೀ. ನಾಯಕಿ ಪರ್ಸ್ ಸಮೇತ ಮಂಡ್ಯದ ಕೊನೆಯ ಬಸ್ಸು ಹತ್ತಿಯಾಗಿತ್ತು.

ನನ್ನಾಕೆ ಜಗುಲಿಯ ಮೇಲೆ ಕೂತು, ಸೆರಗಿನಿಂದ ಸೊಳ್ಳೆ ಓಡಿಸಿಕೊಳ್ಳುತ್ತಾ ಹೇಳಿದಳು: “ಮೆಟ್ಟಿಲ ಕೆಳಗೆ ನೋಡ್ರೀ. ನಿಮ್ಮ ನಾಟಕದಲ್ಲಿ ಅಲ್ಲೇ ತಾನೇ ಇಟ್ಟಿರೋದು?”